ಹೊಟ್ಟೆಯ ಸರ್ಜರಿ ಮನಸ್ಸಿಗೆ ಹಿಡಿಸಲಿಲ್ಲವೇ? ಎರಡನೆಯ ಸಲ ಗೆಲ್ಲಲು 15 ಸೂತ್ರಗಳು

ಎರಡು ಮೂರು ಹೆರಿಗೆ, ಅದರಲ್ಲಿ ಒಂದೆರಡು ಸಿಸೇರಿಯನ್, ಆಮೇಲೆ ಏನು ಮಾಡಿದರೂ ಇಳಿಯದ ಹೊಟ್ಟೆ. ಬಂಗಾರ ಒತ್ತೆ ಇಟ್ಟೋ ಸಾಲ ಎತ್ತಿಯೋ ಟಮ್ಮಿ ಟಕ್ (ಹೆಚ್ಚುವರಿ ಚರ್ಮ ತೆಗೆದು ಹೊಟ್ಟೆ ಬಿಗಿಸುವುದು) ಇಲ್ಲವೆ ಲೈಪೊಸಕ್ಷನ್ (ಕೊಳವೆಯಿಂದ ಕೊಬ್ಬು ಹೀರುವುದು) ಮಾಡಿಸಿಕೊಂಡಿರಿ. ಬೆಲ್ಟ್ ಬಿಚ್ಚಿ ನೋಡಿದರೆ ಅಂದುಕೊಂಡಂತೆ ಆಗಿಲ್ಲ. ಒಂದು ಕಡೆ ತಗ್ಗು, ಇನ್ನೊಂದು ಕಡೆ ಉಬ್ಬು, ಹೊಲಿಗೆಯ ಗುರುತು ದಪ್ಪ, ಹೊಕ್ಕಳು ಸೊಟ್ಟ. ಮನೆಯಲ್ಲಿ ಬಾಯಿ ಬಿಟ್ಟರೆ ‘ಇದ್ದ ಹೊಟ್ಟಿ ಇರಲಿ ಅಂದ್ರ ಕೇಳಲಿಲ್ಲ’ ಎಂಬ ಮಾತು.

ನೀವು ಹೊಂಬಳದವರಿರಲಿ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರಿರಲಿ, ಇಂಥ ಹೊತ್ತಿನಲ್ಲಿ ಸಿಟ್ಟಿನಿಂದ ಇನ್ನೊಂದು ಸರ್ಜರಿಗೆ ಓಡಬೇಡಿ. ಹಣೆಬರಹವೆಂದು ಸುಮ್ಮನೆ ಕೂರಲೂ ಬೇಡಿ. ಇಂಥ ಬಹಳಷ್ಟು ದೋಷಗಳನ್ನು ಪೂರ್ತಿಯಾಗಿ ಅಲ್ಲದಿದ್ದರೂ ಸಾಕಷ್ಟು ಸರಿಪಡಿಸಬಹುದು, ಕೆಲವಕ್ಕೆ ಕತ್ತರಿಯೇ ಬೇಕಾಗುವುದಿಲ್ಲ. ಆದರೆ ಒಂದು ಷರತ್ತು: ದೋಷ ಯಾವುದು, ಎಲ್ಲಿದೆ ಎಂಬುದು ಖಚಿತವಾಗುವವರೆಗೆ ಎರಡನೆಯ ಸಲ ಆಪರೇಷನ್ ಮೇಜು ಹತ್ತಬಾರದು. ಕೆಳಗಿನ ಸೂತ್ರಗಳೆಲ್ಲ ಈ ಷರತ್ತಿನ ಸುತ್ತಲೇ ಇವೆ.

1. ಅಪಾಯದ ಲಕ್ಷಣ ಕಂಡರೆ ಅಂದೇ ಹೊರಡಿ

ಮುಂದಿನ ಸೂತ್ರಗಳು ತಾಳ್ಮೆ ಕಲಿಸುತ್ತವೆ. ಇದೊಂದು ಮಾತ್ರ ಅವಸರದ್ದು. ಸರ್ಜರಿಯಾದ ಮೊದಲ ವಾರಗಳಲ್ಲಿ ಚಳಿಜ್ವರ, ಗಾಯದಿಂದ ಕೀವು ಅಥವಾ ಕೆಟ್ಟ ವಾಸನೆ, ದಿನದಿನಕ್ಕೆ ಹರಡುವ ಕೆಂಪು, ಚರ್ಮ ನೀಲಿಗಟ್ಟುವುದು ಅಥವಾ ಕಪ್ಪಾಗುವುದು, ಒಂದೇ ಕಡೆ ಬಿರುಸಾಗಿ ಏರುವ ಊತ, ತಡೆಯಲಾಗದ ಹೊಟ್ಟೆನೋವು ಕಂಡರೆ ಅದು ಅಂದಚಂದದ ಪ್ರಶ್ನೆಯಲ್ಲ. ಒಂದು ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇದ್ದಕ್ಕಿದ್ದಂತೆ ಉಸಿರು ಸಾಲದಾದರೆ, ಎದೆ ನೋವು ಬಂದರೆ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಇದು ಜೀವಕ್ಕೇ ಕುತ್ತು. 108ಕ್ಕೆ ಕರೆ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆ ಮುಟ್ಟಿ. ನಮ್ಮ ಭಾಗದಲ್ಲಿ ಅದು ಗದಗಿನ ಜಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ. ನಿಮಗೆ ಸರ್ಜರಿ ಮಾಡಿದ ಸರ್ಜನ್‌ಗೆ ದಾರಿಯಲ್ಲಿ ಫೋನ್ ಮಾಡಿದರಾಯಿತು. ಕಾಸ್ಮೆಟಿಕ್ ಸರ್ಜರಿ ಆಗಿದೆ ಎಂಬುದನ್ನು ತುರ್ತು ವಿಭಾಗದ ವೈದ್ಯರಿಂದ ನಾಚಿಕೆಗಾಗಿ ಮುಚ್ಚಿಡಬೇಡಿ.

2. ಅಪಾಯವಿಲ್ಲದಿದ್ದರೆ ವರ್ಷ ತುಂಬಲಿ

ಮೂರನೆಯ ತಿಂಗಳಲ್ಲಿ ಕನ್ನಡಿ ಮುಂದೆ ನಿಂತು ಕೊಟ್ಟ ತೀರ್ಪು ಬಹಳ ಸಲ ಸುಳ್ಳಾಗುತ್ತದೆ. ಟಮ್ಮಿ ಟಕ್ ಆದ ಮೇಲೆ ಊತದ ದೊಡ್ಡ ಪಾಲು ಮೊದಲ ತಿಂಗಳುಗಳಲ್ಲಿ ಇಳಿದರೂ ಉಳಿದದ್ದು ಆರು ತಿಂಗಳು, ಕೆಲವರಿಗೆ ವರ್ಷದವರೆಗೂ ಹಿಡಿಯುತ್ತದೆ. ಹೊಲಿಗೆಯ ಗುರುತು ಮೊದಲು ಕೆಂಪಾಗಿ ಗಟ್ಟಿಯಾಗುತ್ತದೆ, ಆಮೇಲೆ ನಿಧಾನವಾಗಿ ಮೆತ್ತಗಾಗಿ ಮಾಸುತ್ತದೆ. ಅದು ತನ್ನ ಕೊನೆಯ ರೂಪಕ್ಕೆ ಬರಲು 12ರಿಂದ 18 ತಿಂಗಳು ಬೇಕು. ಆದ್ದರಿಂದಲೇ ಅನುಭವಿ ಸರ್ಜನ್‌ಗಳು ಸಣ್ಣ ತಿದ್ದುಪಡಿಗೆ ಸುಮಾರು ಆರು ತಿಂಗಳು, ದೊಡ್ಡದಕ್ಕೆ ಒಂದು ವರ್ಷ ಕಾಯಿಸುತ್ತಾರೆ. ಊತವಿರುವಾಗ ಕತ್ತರಿಸಿದರೆ ಎಷ್ಟು ತೆಗೆಯಬೇಕೆಂಬ ಅಂದಾಜು ತಪ್ಪುತ್ತದೆ, ಗಟ್ಟಿ ಅಂಗಾಂಶದಲ್ಲಿ ರಕ್ತವೂ ಹೆಚ್ಚು ಸುರಿಯುತ್ತದೆ. ಎರಡನೆಯ ತಿಂಗಳಿಗೇ ‘ಬನ್ನಿ, ಮತ್ತೆ ಮಾಡಿಬಿಡೋಣ’ ಎನ್ನುವವರ ಮಾತಿಗೆ ಒಪ್ಪಬೇಡಿ.

3. ದೋಷ ಯಾವ ಪದರದಲ್ಲಿದೆ ಎಂದು ಕೇಳಿ

ಹೊಟ್ಟೆ ‘ಸರಿಯಾಗಿಲ್ಲ’ ಎಂದಷ್ಟೇ ಹೇಳಿದರೆ ಯಾವ ವೈದ್ಯರೂ ಸರಿಯಾದ ದಾರಿ ತೋರಿಸಲಾರರು. ಹೊಟ್ಟೆಯ ಗೋಡೆಯಲ್ಲಿ ಮೇಲಿನಿಂದ ಚರ್ಮ, ಅದರ ಕೆಳಗೆ ಕೊಬ್ಬು, ಅದರ ಕೆಳಗೆ ಸ್ನಾಯು ಇವೆ. ಗೋಡೆಯ ಒಳಗೆ ಕರುಳಿನ ಸುತ್ತ ಇನ್ನೊಂದು ಬಗೆಯ ಕೊಬ್ಬಿದೆ. ನಿಂತು ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಕೈಗೆ ಸಿಗುವುದು ಚರ್ಮ ಮತ್ತು ಮೇಲಿನ ಕೊಬ್ಬು. ಕೈಗೆ ಸಿಗದೆ ಗಟ್ಟಿಯಾಗಿ ಮುಂದೆ ಬಂದಿದ್ದರೆ ಒಳಗಿನ ಕೊಬ್ಬು ಅಥವಾ ಸಡಿಲವಾದ ಸ್ನಾಯು. ಒಳಗಿನ ಕೊಬ್ಬನ್ನು ಯಾವ ಲೈಪೊಸಕ್ಷನ್ ಕೊಳವೆಯೂ ತೆಗೆಯಲಾರದು. ಅದು ಕರಗುವುದು ಊಟ, ನಡಿಗೆ ಮತ್ತು ವೈದ್ಯರ ಸಲಹೆಯಿಂದ ಮಾತ್ರ. ಭಾರತೀಯರ ದೇಹದಲ್ಲಿ ಇದು ಬೇಗ ಶೇಖರವಾಗುವುದರಿಂದಲೇ ನಮಗೆ ಸೊಂಟದ ಸುತ್ತಳತೆಯ ಮಿತಿಯನ್ನು ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಎಂದು ಇಟ್ಟಿದ್ದಾರೆ. ವೈದ್ಯರನ್ನು ನೇರವಾಗಿ ಕೇಳಿ: ‘ಡಾಕ್ಟ್ರ, ನನ್ನ ಹೊಟ್ಟಿ ಮುಂದ ಬಂದಿದ್ದು ಚರ್ಮದಿಂದನೋ, ಮ್ಯಾಲಿನ ಕೊಬ್ಬಿಂದನೋ, ಸ್ನಾಯುವಿಂದನೋ, ಒಳಗಿನ ಕೊಬ್ಬಿಂದನೋ?’ ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

4. ಕಡತ ಕೈಗೆ ತೆಗೆದುಕೊಂಡು ಮೊದಲ ಸರ್ಜನ್ ಬಳಿಗೇ ಹೋಗಿ

ಆಪರೇಷನ್ ಟಿಪ್ಪಣಿ, ಡಿಸ್‌ಚಾರ್ಜ್ ಸಾರಾಂಶ, ಒಪ್ಪಿಗೆ ಪತ್ರ, ಬಿಲ್ಲು, ಸರ್ಜರಿಗೆ ಮೊದಲಿನ ಫೋಟೊಗಳು: ಇಷ್ಟೂ ನಿಮಗೆ ಸಿಗಬೇಕಾದ ದಾಖಲೆಗಳು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳು ಹೇಳುತ್ತವೆ; ವೈದ್ಯರು ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ಬಾಯಿಮಾತಿನಲ್ಲಿ ಕೇಳದೆ ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ. ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ, ಮುಂದಿನಿಂದ ಮತ್ತು ಎರಡೂ ಮಗ್ಗುಲಿನಿಂದ ನೀವೂ ಫೋಟೊ ತೆಗೆಸಿಡಿ.

ಆಮೇಲೆ ಮೊದಲ ಸರ್ಜನ್‌ರನ್ನೇ ಭೇಟಿಯಾಗಿ. ಒಳಗೆ ಏನು ಮಾಡಿದ್ದಾರೆ, ಸ್ನಾಯು ಬಿಗಿದಿದ್ದಾರೋ ಇಲ್ಲವೋ, ಎಲ್ಲೆಲ್ಲಿ ಕೊಳವೆ ಹಾಕಿದ್ದಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರದು. ಸಣ್ಣ ತಿದ್ದುಪಡಿಗೆ ಕೆಲವರು ತಮ್ಮ ಶುಲ್ಕ ಬಿಡುತ್ತಾರೆ ಅಥವಾ ಕಡಿಮೆ ಮಾಡುತ್ತಾರೆ. ಜಗಳದ ದನಿಯಲ್ಲಿ ಹೋಗದೆ, ದೋಷಗಳ ಪಟ್ಟಿ ಹಿಡಿದು ಹೋಗಿ. ಅವರು ಮಾತೇ ಕೇಳದಿದ್ದರೆ ಅಲ್ಲಿಗೆ ಆ ಬಾಗಿಲು ಮುಚ್ಚಿತೆಂದು ತಿಳಿಯಿರಿ.

5. ಎರಡನೆಯ ಅಭಿಪ್ರಾಯಕ್ಕೆ ಅರ್ಹತೆ ನೋಡಿ ಹೋಗಿ

ಬೋರ್ಡಿನ ಮೇಲೆ ‘ಕಾಸ್ಮೆಟಿಕ್ ಸರ್ಜನ್’ ಎಂದಿದ್ದರೆ ಸಾಲದು. ನಮ್ಮ ದೇಶದಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಲು ಸಾಮಾನ್ಯವಾಗಿ ಎಂಬಿಬಿಎಸ್, ಆಮೇಲೆ ಜನರಲ್ ಸರ್ಜರಿಯಲ್ಲಿ ಎಂಎಸ್, ಆಮೇಲೆ ಮತ್ತೆ ಮೂರು ವರ್ಷ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ಓದಿರಬೇಕು. ವೈದ್ಯರ ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಬಹುದು. ನಮ್ಮ ಕಡೆಯವರಿಗೆ ಹುಬ್ಬಳ್ಳಿ-ಧಾರವಾಡ ಮತ್ತು ಬೆಳಗಾವಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಹತ್ತಿರ. ಅಲ್ಲಿನ ಪ್ಲಾಸ್ಟಿಕ್ ಸರ್ಜರಿ ವಿಭಾಗದ ಹೊರರೋಗಿ ದಿನ ಯಾವುದೆಂದು ಫೋನ್ ಮಾಡಿ ತಿಳಿದು ಹೋಗಿ.

ಮೂರು ಪ್ರಶ್ನೆ ತಪ್ಪದೆ ಕೇಳಿ. ನನ್ನಂಥ ಮರು ಸರ್ಜರಿ ಎಷ್ಟು ಮಾಡಿದ್ದೀರಿ? ಆ ರೋಗಿಗಳ ಮೊದಲಿನ ಮತ್ತು ನಂತರದ ಫೋಟೊ ಇವೆಯೇ? ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ? ಮೂರನೆಯ ಪ್ರಶ್ನೆಗೆ ನಿಜ ಹೇಳುವ ವೈದ್ಯರನ್ನು ನಂಬಬಹುದು.

6. ಸಣ್ಣ ದೋಷಕ್ಕೆ ಸಣ್ಣ ಚಿಕಿತ್ಸೆಯೇ ಸಾಕು

ಅಸಮಾಧಾನ ದೊಡ್ಡದಾಗಿದ್ದರೂ ಕಾರಣ ಸಣ್ಣದಿರಬಹುದು. ಈ ಮೂರನ್ನು ಮೊದಲು ನೋಡಿ.

ಕಿವಿಯಂಥ ಮಡಿಕೆ: ಹೊಲಿಗೆಯ ಎರಡೂ ತುದಿಯಲ್ಲಿ, ಸೊಂಟದ ಹತ್ತಿರ, ಚರ್ಮ ಗುಬುಟಾಗಿ ನಿಲ್ಲುವುದು. ಕೆಲವು ತಾನಾಗಿಯೇ ಕೂರುತ್ತವೆ. ಕೂರದಿದ್ದರೆ ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ತೆಗೆಯುತ್ತಾರೆ; ಅಂದೇ ಊರಿಗೆ ಮರಳಬಹುದು. ಗುರುತು ಮಾತ್ರ ಸ್ವಲ್ಪ ಉದ್ದವಾಗುತ್ತದೆ.

ನೀರು ತುಂಬುವುದು: ಚರ್ಮ ಮತ್ತು ಸ್ನಾಯುವಿನ ನಡುವೆ ನೀರು ನಿಂತು, ಒತ್ತಿದರೆ ತೆರೆ ಬಂದಂತಾಗುತ್ತದೆ. ಸೂಜಿಯಿಂದ ಹೀರಿ ತೆಗೆದು ಬೆಲ್ಟ್ ಕಟ್ಟುತ್ತಾರೆ. ಕೆಲವು ಸಲ ಮೇಲಿಂದ ಮೇಲೆ ತೆಗೆಯಬೇಕಾಗುತ್ತದೆ. ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಸುತ್ತ ಗಟ್ಟಿ ಚೀಲ ಕಟ್ಟಿಕೊಳ್ಳುತ್ತದೆ, ಆಗ ಆ ಚೀಲವನ್ನೇ ಕತ್ತರಿಸಿ ತೆಗೆಯಬೇಕು. ‘ಹೊಟ್ಟೆ ಮತ್ತೆ ಬಂತು’ ಎನ್ನುವವರು ಮೊದಲು ಅಲ್ಟ್ರಾಸೌಂಡ್ ಮಾಡಿಸಿ ಇದನ್ನು ತಳ್ಳಿಹಾಕಬೇಕು.

ಹೊಕ್ಕಳು: ಬಾಯಿ ಕಿರಿದಾಗುವುದು, ಪಕ್ಕಕ್ಕೆ ಸರಿಯುವುದು, ಸುತ್ತ ಗುರುತು ಎದ್ದು ಕಾಣುವುದು. ಕಿರಿದಾದ ಬಾಯಿಯನ್ನು ಸಣ್ಣ ಸರ್ಜರಿಯಿಂದ ಅಗಲಿಸಿ ಹೊಸ ಆಕಾರ ಕೊಡಬಹುದು. ಪಕ್ಕಕ್ಕೆ ಸರಿದದ್ದನ್ನು ನಡುವೆ ತರುವುದು ಇನ್ನಷ್ಟು ಕಷ್ಟ.

7. ಗುರುತು ದಪ್ಪವಾಗಿದ್ದರೆ ಕತ್ತರಿ ಕೊನೆಗಿರಲಿ

ನಮ್ಮಂಥ ಗೋಧಿ, ಕಪ್ಪು ಮೈಬಣ್ಣದವರಲ್ಲಿ ಗಾಯದ ಗುರುತು ಉಬ್ಬುವುದು, ಕೆಲವರಲ್ಲಿ ಕೀಲಾಯ್ಡ್ ಆಗಿ ಗಾಯದ ಎಲ್ಲೆ ದಾಟಿ ಬೆಳೆಯುವುದು ಹೆಚ್ಚು. ಮೊದಲ ಮದ್ದು ಸಿಲಿಕೋನ್ ಹಾಳೆ ಅಥವಾ ಜೆಲ್: ಗಾಯ ಪೂರ್ತಿ ಮುಚ್ಚಿದ ಮೇಲೆ ದಿನದ ಹೆಚ್ಚು ಹೊತ್ತು, ಕನಿಷ್ಠ ಎರಡು ಮೂರು ತಿಂಗಳು. ಜೊತೆಗೆ ವೈದ್ಯರು ತೋರಿಸಿದಂತೆ ಮೆಲ್ಲಗೆ ತಿಕ್ಕುವುದು. ಅದಕ್ಕೂ ಬಗ್ಗದಿದ್ದರೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಗುರುತಿನೊಳಗೇ ಸ್ಟಿರಾಯ್ಡ್ ಇಂಜೆಕ್ಷನ್. ಕೀಲಾಯ್ಡನ್ನು ಬರೀ ಕತ್ತರಿಸಿ ತೆಗೆದರೆ ಅದು ಬಹಳ ಸಲ ಮತ್ತೆ ಬರುತ್ತದೆ, ಕೆಲವು ಸಲ ಮೊದಲಿಗಿಂತ ದೊಡ್ಡದಾಗಿ. ಆದ್ದರಿಂದ ಕತ್ತರಿಸುವುದಾದರೆ ಅದರ ಹಿಂದೆಯೇ ಇಂಜೆಕ್ಷನ್ ಅಥವಾ ಬೇರೆ ಚಿಕಿತ್ಸೆಯ ಯೋಜನೆ ಇರಲೇಬೇಕು. ಕಿವಿ ಚುಚ್ಚಿಸಿದಾಗ, ಸುಟ್ಟಾಗ, ಲಸಿಕೆ ಹಾಕಿಸಿದ ಜಾಗದಲ್ಲಿ ಗುರುತು ಉಬ್ಬಿದ್ದರೆ ಅದನ್ನು ಮೊದಲೇ ಹೇಳಿ. ಸೀರೆ ಉಟ್ಟಾಗ ಗುರುತಿಗೆ ಬಿಸಿಲು ತಾಗುವಂತಿದ್ದರೆ ವರ್ಷದವರೆಗೆ ಮುಚ್ಚಿಕೊಳ್ಳಿ. ಹೊಸ ಗುರುತು ಬಿಸಿಲಿಗೆ ಕಪ್ಪಾಗುತ್ತದೆ.

8. ಏರುತಗ್ಗುಗಳಿಗೆ ತೆಗೆಯುವುದಷ್ಟೇ ಅಲ್ಲ, ತುಂಬುವುದೂ ದಾರಿ

ಲೈಪೊಸಕ್ಷನ್ ಆದವರ ದೊಡ್ಡ ದೂರು ಇದು: ಒಂದು ಕಡೆ ಗುಂಡಿ, ಒಂದು ಕಡೆ ಗಂಟು. ಕೊಬ್ಬು ಉಳಿದ ಕಡೆ ಮತ್ತೆ ಸ್ವಲ್ಪ ತೆಗೆಯಬಹುದು. ಆದರೆ ಗುಂಡಿಯಾದ ಕಡೆ ಹೆಚ್ಚು ತೆಗೆದಿರುವುದೇ ಸಾಮಾನ್ಯವಾಗಿ ಸಮಸ್ಯೆ. ಅಲ್ಲಿ ನಿಮ್ಮದೇ ತೊಡೆ ಅಥವಾ ಪಕ್ಕೆಯ ಕೊಬ್ಬನ್ನು ತೆಗೆದು, ಸೋಸಿ, ಸಣ್ಣ ಸಣ್ಣ ಪ್ರಮಾಣದಲ್ಲಿ ತುಂಬುತ್ತಾರೆ. ತುಂಬಿದ್ದರಲ್ಲಿ ಒಂದು ಪಾಲನ್ನು ದೇಹ ಮುಂದಿನ ತಿಂಗಳುಗಳಲ್ಲಿ ಹೀರಿಕೊಳ್ಳುತ್ತದೆ, ಹಾಗಾಗಿ ಎರಡನೆಯ ಸುತ್ತು ಬೇಕಾಗಬಹುದು. ಚರ್ಮ ಕೆಳಗಿನ ಪದರಕ್ಕೆ ಅಂಟಿಕೊಂಡಿದ್ದರೆ ಮೊದಲು ಅದನ್ನು ಬಿಡಿಸಬೇಕು.

ಇನ್ನೊಂದು ಮಾತು. ಚರ್ಮವೇ ಜೋತುಬಿದ್ದಿದ್ದರೆ ಇನ್ನಷ್ಟು ಕೊಬ್ಬು ತೆಗೆದಷ್ಟೂ ಅದು ಇನ್ನೂ ಜೋಲುತ್ತದೆ. ಹೆರಿಗೆಯಿಂದ ಹಿಗ್ಗಿದ ಚರ್ಮಕ್ಕೆ ಬರೀ ಲೈಪೊಸಕ್ಷನ್ ಮಾಡಿಸಿ ಅಸಮಾಧಾನಗೊಂಡವರಿಗೆ ಬೇಕಿರುವುದು ಕೊಬ್ಬು ತೆಗೆಯುವುದಲ್ಲ, ಚರ್ಮ ಬಿಗಿಸುವುದು.

9. ಕೆಮ್ಮಿದಾಗ ಉಬ್ಬುತ್ತದೆಯೇ? ಮೊದಲು ಹರ್ನಿಯಾ ತಳ್ಳಿಹಾಕಿ

ಬಸಿರಿನಲ್ಲಿ ಹೊಟ್ಟೆಯ ನಡುವಿನ ಎರಡು ಉದ್ದ ಸ್ನಾಯುಗಳು ಅಗಲುತ್ತವೆ. ಮೊದಲ ಸರ್ಜರಿಯಲ್ಲಿ ಅವನ್ನು ಸೇರಿಸಿ ಹೊಲಿಯದಿದ್ದರೆ, ಅಥವಾ ಹೊಲಿಗೆ ಆಮೇಲೆ ಬಿಟ್ಟಿದ್ದರೆ, ಚರ್ಮ ಬಿಗಿಯಾಗಿದ್ದರೂ ಹೊಟ್ಟೆ ಉಬ್ಬಿಯೇ ಕಾಣುತ್ತದೆ. ಅಗಲಿಕೆ ಕಡಿಮೆಯಿದ್ದರೆ ಫಿಜಿಯೋಥೆರಪಿಯ ವ್ಯಾಯಾಮದಿಂದ ಸಾಕಷ್ಟು ಹಿಡಿತ ಬರುತ್ತದೆ. ಹೆಚ್ಚಿದ್ದರೆ ಮತ್ತೆ ಹೊಲಿಯಬೇಕು, ಕೆಲವರಿಗೆ ಜಾಲರಿ (ಮೆಶ್) ಹಾಕಬೇಕು.

ಆದರೆ ನಿಂತು ಕೆಮ್ಮಿದಾಗ ಒಂದೇ ಜಾಗದಲ್ಲಿ ಗಂಟು ಹೊರಬಂದು, ಮಲಗಿದಾಗ ಒಳಹೋದರೆ ಅದು ಹರ್ನಿಯಾ ಇರಬಹುದು. ಸಿಸೇರಿಯನ್ ಆದವರಲ್ಲಿ ಹಳೆಯ ಗಾಯದ ಜಾಗದಲ್ಲೂ ಬರಬಹುದು. ಅಲ್ಟ್ರಾಸೌಂಡ್, ಬೇಕಾದರೆ ಸಿಟಿ ಸ್ಕ್ಯಾನ್ ಮಾಡಿಸದೆ ಆ ಹೊಟ್ಟೆಗೆ ಮತ್ತೆ ಲೈಪೊಸಕ್ಷನ್ ಕೊಳವೆ ಹಾಕಿಸಿಕೊಳ್ಳಬೇಡಿ. ಗೊತ್ತಿಲ್ಲದ ಹರ್ನಿಯಾದೊಳಗೆ ಕೊಳವೆ ಹೊಕ್ಕರೆ ಕರುಳಿಗೇ ತೂತು ಬೀಳಬಹುದು. ಹರ್ನಿಯಾ ಕಾಯಿಲೆ, ಅಂದದ ಮಾತಲ್ಲ. ಅದರ ಆಪರೇಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಆಗುತ್ತದೆ.

10. ಪೂರ್ತಿ ಮರು ಟಮ್ಮಿ ಟಕ್ ಎಂದರೆ ರಕ್ತದ ಲೆಕ್ಕ ಕೇಳಿ

ಹೆಚ್ಚುವರಿ ಚರ್ಮ ಉಳಿದಿದೆ, ಗುರುತು ತೀರಾ ಮೇಲಿದೆ, ತೂಕ ಇಳಿದ ಮೇಲೆ ಮತ್ತೆ ಜೋತುಬಿದ್ದಿದೆ: ಇಂಥವರಿಗೆ ದೊಡ್ಡ ಮರು ಸರ್ಜರಿ ಬೇಕಾಗಬಹುದು. ಹೊಟ್ಟೆಯ ಮೇಲ್ಭಾಗದಲ್ಲಷ್ಟೇ ಚರ್ಮ ಸಡಿಲವಿದ್ದರೆ ಎದೆಯ ಕೆಳಗೆ ಕೊಯ್ದು ಮೇಲಕ್ಕೆಳೆಯುವ ವಿಧಾನವೂ ಇದೆ.

ಇಲ್ಲಿ ಅಪಾಯ ಮೊದಲ ಸಲಕ್ಕಿಂತ ಬೇರೆ. ಹೊಕ್ಕಳಿನ ಸುತ್ತ ಸ್ನಾಯುವಿನಿಂದ ಚರ್ಮಕ್ಕೆ ರಕ್ತ ತರುವ ಸಣ್ಣ ನಾಳಗಳು ಮೊದಲ ಟಮ್ಮಿ ಟಕ್‌ನಲ್ಲೇ ತುಂಡಾಗಿರುತ್ತವೆ. ಈಗ ಚರ್ಮ ಬದುಕಿರುವುದು ಮುಖ್ಯವಾಗಿ ಪಕ್ಕೆಗಳ ಕಡೆಯಿಂದ ಬರುವ ರಕ್ತದ ಮೇಲೆ. ಆ ಪಕ್ಕೆಯ ದಾರಿಯನ್ನೂ ಕಡಿದರೆ, ಕಾಲುವೆ ಮೇಲೆಯೇ ಒಡೆದಾಗ ತುದಿಯ ಹೊಲ ಒಣಗುವಂತೆ, ಕೆಳಹೊಟ್ಟೆಯ ಚರ್ಮ ಕಪ್ಪಾಗಿ ಸಾಯಬಹುದು. ಆದ್ದರಿಂದ ಹಳೆಯ ಆಪರೇಷನ್ ಟಿಪ್ಪಣಿ ಓದದೆ ದಿನ ಗೊತ್ತು ಮಾಡುವ ಸರ್ಜನ್ ಬೇಡ. ಪಿತ್ತಕೋಶ, ಸಂತಾನಹರಣ, ಅಪೆಂಡಿಕ್ಸ್, ಹರ್ನಿಯಾ, ಯಾವ ಹಳೆಯ ಆಪರೇಷನ್ ಇದ್ದರೂ ಬಾಯಿಬಿಟ್ಟು ಹೇಳಿ. ಪಕ್ಕೆಯ ಕೆಳಗಿನ ಓರೆ ಗುರುತು ಈ ಲೆಕ್ಕವನ್ನೇ ಬದಲಿಸುತ್ತದೆ.

11. ದೇಹ ಸಿದ್ಧವಾಗುವವರೆಗೆ ದಿನ ಗೊತ್ತು ಮಾಡಬೇಡಿ

ತಂಬಾಕು ಮೊದಲ ಶತ್ರು. ಬೀಡಿ, ಸಿಗರೇಟು ಮಾತ್ರವಲ್ಲ. ಗುಟ್ಕಾ, ಎಲೆಯಡಿಕೆಯ ಜೊತೆಗಿನ ತಂಬಾಕು, ಕಡ್ಡಿಪುಡಿ ಎಲ್ಲದರಲ್ಲೂ ನಿಕೋಟಿನ್ ಇದೆ. ಅದು ಸಣ್ಣ ರಕ್ತನಾಳಗಳನ್ನು ಬಿಗಿದು ಗಾಯ ಕೂಡದಂತೆ ಮಾಡುತ್ತದೆ. ಸರ್ಜರಿಗೆ ಕನಿಷ್ಠ ನಾಲ್ಕು ವಾರ ಮೊದಲು, ಆದ ಮೇಲೂ ನಾಲ್ಕು ವಾರ ಪೂರ್ತಿ ಬಿಡಬೇಕು.

ತೂಕ ಆರು ತಿಂಗಳಿಂದ ಒಂದೇ ಮಟ್ಟದಲ್ಲಿರಲಿ. ಸಕ್ಕರೆ ಕಾಯಿಲೆಯಿದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಮಾಡಿಸಿ ಹತೋಟಿಗೆ ತನ್ನಿ. ಹೆಂಗಸರು ಹಿಮೋಗ್ಲೋಬಿನ್ ನೋಡಿಸಲೇಬೇಕು. ರಕ್ತ ಕಡಿಮೆಯಿದ್ದರೆ ಮೊದಲು ಅದನ್ನು ಸರಿಪಡಿಸಿ. ಗರ್ಭನಿರೋಧಕ ಮಾತ್ರೆ, ರಕ್ತ ತೆಳುವಾಗಿಸುವ ಔಷಧ, ತೂಕ ಇಳಿಸುವ ಇಂಜೆಕ್ಷನ್, ನಾಟಿ ಔಷಧ ಏನೇ ತೆಗೆದುಕೊಳ್ಳುತ್ತಿದ್ದರೂ ಅರಿವಳಿಕೆ ವೈದ್ಯರಿಗೆ ಹೇಳಿ. ಇನ್ನೊಂದು ಮಗು ಬೇಕೆಂಬ ಮನಸ್ಸಿದ್ದರೆ ಹೆರಿಗೆಯಾಗುವವರೆಗೆ ಮುಂದೂಡಿ. ಬಸಿರು ಬಿಗಿದ ಹೊಟ್ಟೆಯನ್ನು ಮತ್ತೆ ಸಡಿಲಿಸುತ್ತದೆ.

12. ಜಾಗ ಆಸ್ಪತ್ರೆಯಾಗಿರಲಿ, ಮನೆಯವರಿಗೆ ಗೊತ್ತಿರಲಿ

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್, ಕೊಬ್ಬು ತೆಗೆಸುವ ಸರ್ಜರಿಗೆ ಹೋಗಿ ತೀರಿಕೊಂಡರು. ವಯಸ್ಸು 21. ಸ್ಥಿತಿ ಬಿಗಡಾಯಿಸಿದಾಗ ಅವರನ್ನು ಅಲ್ಲಿಂದ ಬೇರೆ ಆಸ್ಪತ್ರೆಗೆ ಒಯ್ಯಲಾಯಿತು. ತಮಗೆ ಹೇಳದೆ ಹೋಗಿದ್ದಳೆಂದು ತಂದೆತಾಯಿ ದುಃಖದಿಂದ ಹೇಳಿದ್ದನ್ನು ಇಡೀ ರಾಜ್ಯ ಕೇಳಿತು. ಆ ಸಾವಿನಿಂದ ನಾವು ಕಲಿಯಲೇಬೇಕಾದ ಪಾಠಗಳಿವೆ.

ಸರ್ಜರಿ ನಡೆಯುವ ಕಟ್ಟಡದಲ್ಲೇ ಐಸಿಯು, ರಕ್ತದ ವ್ಯವಸ್ಥೆ ಇವೆಯೇ, ಅರ್ಹ ಅರಿವಳಿಕೆ ವೈದ್ಯರು, ರಾತ್ರಿ ಕರ್ತವ್ಯದ ವೈದ್ಯರು ಇದ್ದಾರೆಯೇ ನೋಡಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಕೇಳಿ. ಅದರಲ್ಲಿ ಬರೆದಿರುವ ಸೇವೆಯಲ್ಲಿ ಈ ಸರ್ಜರಿ ಸೇರಿದೆಯೇ ಓದಿ. ಒಂದೇ ಸಲಕ್ಕೆ ಐದು ಲೀಟರ್‌ಗಿಂತ ಹೆಚ್ಚು ಹೀರುವುದನ್ನು ದೊಡ್ಡ ಪ್ರಮಾಣದ ಲೈಪೊಸಕ್ಷನ್ ಎಂದು ಲೆಕ್ಕ ಹಾಕುತ್ತಾರೆ. ಅಂಥದ್ದು ಮಾಡಿ ಅಂದೇ ಮನೆಗೆ ಕಳಿಸುವುದು ಕೂಡದು. ಕೊನೆಯದಾಗಿ, ಮನೆಯ ಒಬ್ಬರಿಗಾದರೂ, ಅಕ್ಕನಿಗೋ ಗಂಡನಿಗೋ ಅವ್ವನಿಗೋ, ಎಲ್ಲವನ್ನೂ ಹೇಳಿ. ಅವರು ಆಸ್ಪತ್ರೆಯಲ್ಲಿ ನಿಮ್ಮ ಜೊತೆಗಿರಲಿ.

13. ಹಣದ ಲೆಕ್ಕ ಬರಹದಲ್ಲಿರಲಿ

ಆರೋಗ್ಯ ವಿಮೆ ಕಾಸ್ಮೆಟಿಕ್ ಸರ್ಜರಿಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಅಂದಕ್ಕಾಗಿ ಮಾಡುವ ಸರ್ಜರಿಗೆ ಜಿಎಸ್‌ಟಿಯೂ ಬೀಳುತ್ತದೆ. ಸರ್ಜನ್ ಶುಲ್ಕ, ಅರಿವಳಿಕೆ, ಆಪರೇಷನ್ ಕೋಣೆ, ವಾರ್ಡು, ಜಾಲರಿ, ಬೆಲ್ಟ್, ಔಷಧ, ತೆರಿಗೆ ಎಂದು ಬಿಡಿಬಿಡಿಯಾಗಿ ಬರೆಸಿ. ತೊಡಕಾಗಿ ಹೆಚ್ಚು ದಿನ ಉಳಿಯಬೇಕಾದರೆ ಎಷ್ಟು, ಮೂರನೆಯ ತಿದ್ದುಪಡಿ ಬೇಕಾದರೆ ಯಾರು ಭರಿಸುತ್ತಾರೆ, ಇವೂ ಬರಹದಲ್ಲಿರಲಿ. ಓಡಾಟದ ಖರ್ಚು, ಜೊತೆಗಿರುವವರ ಕೂಲಿ ನಷ್ಟ ಸೇರಿಸಿ. ‘ಇವತ್ತೇ ಮುಂಗಡ ಕಟ್ಟಿದರೆ ರಿಯಾಯಿತಿ’ ಎನ್ನುವ ಕಡೆ ಎದ್ದು ಬನ್ನಿ. ಮೊದಲ ಸರ್ಜರಿಯ ಸಾಲ ತೀರುವ ಮೊದಲೇ ಬಡ್ಡಿಗೆ ಇನ್ನೊಂದು ಸಾಲ ಬೇಡ. ಒಂದು ವರ್ಷ ಕಾಯುವುದು ವೈದ್ಯಕೀಯ ಕಾರಣಕ್ಕೂ ಒಳ್ಳೆಯದೇ.

14. ಹೊಲ, ಒಲೆ, ಬಿಸಿಲು ನೋಡಿ ದಿನ ಆರಿಸಿ

ದೊಡ್ಡ ಮರು ಸರ್ಜರಿಯ ನಂತರ ಆರು ವಾರ ಭಾರ ಎತ್ತುವಂತಿಲ್ಲ. ನೀರಿನ ಕೊಡ, ಹುಲ್ಲಿನ ಹೊರೆ, ಉಳ್ಳಾಗಡ್ಡಿ ಚೀಲ, ಎತ್ತಿಕೊಳ್ಳುವ ಮಗು ಎಲ್ಲವೂ ಭಾರವೇ. ನೆಲಕ್ಕೆ ಕೂತು ಮುಂದೆ ಬಾಗಿ ರೊಟ್ಟಿ ಬಡಿಯುವುದೂ ಮೊದಲ ವಾರಗಳಲ್ಲಿ ಬೇಡ. ಬಿತ್ತನೆ, ಸುಗ್ಗಿಯ ದಿನ ಬಿಟ್ಟು, ಏಪ್ರಿಲ್-ಮೇ ತಿಂಗಳ ಉರಿಬಿಸಿಲನ್ನೂ ಬಿಟ್ಟು ದಿನ ಆರಿಸಿ. ಬೆವರಿನಲ್ಲಿ ಬಿಗಿ ಬೆಲ್ಟಿನ ಕೆಳಗೆ ಚರ್ಮ ಕೆರೆದು ಹುಣ್ಣಾಗುತ್ತದೆ. ಚಳಿಗಾಲ ಅನುಕೂಲ. ಮಲಗಿಯೇ ಇರಬೇಡಿ, ಹೆಪ್ಪು ತಪ್ಪಿಸಲು ವೈದ್ಯರು ಹೇಳಿದ ಕೂಡಲೇ, ಸಾಮಾನ್ಯವಾಗಿ ಮೊದಲ ದಿನವೇ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಹೆರಿಗೆಯಾದಾಗ ಮಾಡಿದಂತೆ ಹೊಟ್ಟೆಗೆ ಶಾಖ ಕೊಡಬೇಡಿ, ಬಿಸಿನೀರಿನ ಚೀಲ ಇಡಬೇಡಿ, ಕೆಂಡದ ಮುಂದೆ ಕಾಯಿಸಬೇಡಿ. ಸರ್ಜರಿಯಾದ ಕೆಳಹೊಟ್ಟೆಯ ಚರ್ಮಕ್ಕೆ ತಿಂಗಳುಗಟ್ಟಲೆ ಸ್ಪರ್ಶ ತಿಳಿಯುವುದಿಲ್ಲ, ಕೆಲವರಿಗೆ ಕೊನೆಯವರೆಗೂ ಅಷ್ಟಿಷ್ಟು ಜೋಮು ಉಳಿಯುತ್ತದೆ. ಸುಟ್ಟರೂ ಗೊತ್ತಾಗದು. ಈ ಮಾತನ್ನು ಮನೆಯ ಹಿರಿಯರಿಗೂ ತಿಳಿಸಿ ಹೇಳಿ. ಅವರು ಪ್ರೀತಿಯಿಂದಲೇ ಕಾಯಿಸಲು ಬರುತ್ತಾರೆ.

15. ಮನಸ್ಸನ್ನೂ ಹಕ್ಕನ್ನೂ ಕಾಪಾಡಿಕೊಳ್ಳಿ

ಬೇರೆಯವರಿಗೆ ಅಷ್ಟಾಗಿ ಕಾಣದ ದೋಷವನ್ನು ನೀವು ದಿನಕ್ಕೆ ಗಂಟೆಗಟ್ಟಲೆ ಕನ್ನಡಿಯಲ್ಲಿ ಹುಡುಕುತ್ತಿದ್ದರೆ, ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ ಮೊದಲು ಮನೋವೈದ್ಯರನ್ನು ಕಾಣಿ. ದೇಹದ ರೂಪದ ಬಗ್ಗೆ ಬಿಡದೆ ಕಾಡುವ ಚಿಂತೆ ಒಂದು ಕಾಯಿಲೆಯೇ ಆಗಿರಬಹುದು. ಅದಿದ್ದಾಗ ಮಾಡಿದ ಸರ್ಜರಿ ಸಾಮಾನ್ಯವಾಗಿ ಸಮಾಧಾನ ಕೊಡುವುದಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ಹತ್ತಿರ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಹಕ್ಕು. ಅಂದುಕೊಂಡಷ್ಟು ಚೆನ್ನಾಗಿ ಆಗಲಿಲ್ಲ ಎಂಬುದೊಂದೇ ನಿರ್ಲಕ್ಷ್ಯವಲ್ಲ. ಆದರೆ ಅರ್ಹತೆಯಿಲ್ಲದವರು ಮಾಡಿದ್ದರೆ, ಒಪ್ಪಿಗೆಯಿಲ್ಲದೆ ಬೇರೆ ಏನೋ ಮಾಡಿದ್ದರೆ, ಅಪಾಯ ಮುಚ್ಚಿಟ್ಟಿದ್ದರೆ, ಸೋಂಕು ಕಂಡರೂ ನೋಡದಿದ್ದರೆ ಕೇಳುವ ಹಕ್ಕಿದೆ. ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸರ್ಜರಿ ಬೆಂಗಳೂರಿನಲ್ಲಿ ಆಗಿದ್ದರೂ ಹೊಂಬಳದವರು, ಕೊಟ್ಟ ಮೊತ್ತ 50 ಲಕ್ಷ ರೂಪಾಯಿಯೊಳಗಿದ್ದರೆ, ದೂರನ್ನು ಗದಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸಬಹುದು. ನೀವು ಕೊಟ್ಟ ಮೊತ್ತ ಐದು ಲಕ್ಷ ರೂಪಾಯಿಯೊಳಗಿದ್ದರೆ ದೂರಿನ ಶುಲ್ಕವಿಲ್ಲ. ಗಡುವು ಎರಡು ವರ್ಷ. ಮರು ಸರ್ಜರಿಗೆ ಒಂದು ವರ್ಷ ಕಾಯುವಾಗ ಈ ಗಡುವು ಓಡುತ್ತಿರುತ್ತದೆ ಎಂಬುದನ್ನು ಮರೆಯಬೇಡಿ.

ಮೊದಲ ಹೆಜ್ಜೆ ಇಂದೇ ಇಡಿ

ಸರ್ಜರಿ ಮಾಡಿಸಿಕೊಂಡದ್ದಕ್ಕೆ ನಾಚುವ ಅಗತ್ಯವಿಲ್ಲ. ಹಳ್ಳಿಯ ಹೆಂಗಸಿಗೆ ಇದೆಲ್ಲ ಯಾಕೆ ಎನ್ನುವವರ ಮಾತಿಗೆ ಅಂಜಿ ಎಷ್ಟೋ ಜನ ಕೀವು, ನೀರು, ಹರ್ನಿಯಾ ಇಟ್ಟುಕೊಂಡೇ ದಿನ ದೂಡುತ್ತಾರೆ, ಹಾಗಾಗಬಾರದು. ಇಂದು ದಾಖಲೆಗಾಗಿ ಒಂದು ಅರ್ಜಿ ಬರೆಯಿರಿ. ಈ ವಾರ ಮೂರು ಫೋಟೊ ತೆಗೆಸಿ, ನಿಮ್ಮನ್ನು ಕಾಡುವ ದೋಷಗಳನ್ನು ಒಂದು ಹಾಳೆಯಲ್ಲಿ ಬರೆದು, ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವ ಒಂದಕ್ಕೆ ಗೆರೆ ಎಳೆಯಿರಿ. ಈ ತಿಂಗಳಲ್ಲಿ ಅರ್ಹ ಪ್ಲಾಸ್ಟಿಕ್ ಸರ್ಜನ್ ಒಬ್ಬರ ಮುಂದೆ ಆ ಹಾಳೆ ಇಡಿ. ಆ ಒಂದು ದೋಷಕ್ಕೆ ಹೆಸರು, ಕಾರಣ, ದಾರಿ, ಅಪಾಯ, ಖರ್ಚು ಈ ಐದೂ ಸಿಕ್ಕರೆ ಮುಂದುವರಿಯಿರಿ. ಒಂದು ಸಿಗದಿದ್ದರೂ ಇನ್ನೊಬ್ಬರನ್ನು ಕೇಳಿ. ಹೊಟ್ಟೆ ನಿಮ್ಮದು, ದುಡಿದ ಹಣ ನಿಮ್ಮದು; ಪೂರ್ತಿ ಉತ್ತರ ಸಿಗುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.